ಅಮೆರಿಕದ ಯೂನಿವರ್ಸಿಟಿಗೆ ಅರ್ಜಿ ಹಾಕುವುದು: ಅಲ್ಲಿ ಕಟ್-ಆಫ್ ಇಲ್ಲ, ಫೈಲ್ ಇದೆ

"ಮಾಮ, ಅಮೆರಿಕದಲ್ಲಿ ಎಂಎಸ್‌ಗೆ ಕಟ್-ಆಫ್ ಎಷ್ಟು?" ಅಂತ ಅಕ್ಕನ ಮಗಳು ಫೋನ್ ಮಾಡಿ ಕೇಳಿದಳು. ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್. ಜೊತೆಯವರೆಲ್ಲ ಜಿಆರ್‌ಇ, ಎಸ್‌ಒಪಿ, ಐ-20 ಎಂದು ಮಾತಾಡುತ್ತಿದ್ದಾರೆ, ಇವಳಿಗೆ ತಲೆಬುಡ ಗೊತ್ತಿಲ್ಲ. ನನಗೆ ನಗು ಬಂತು. ಆದರೆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಸೀಟು ಸಿಗುವುದೇ ಹಾಗೆ ಅಲ್ವಾ? ಸಿಇಟಿ ಬರೆಯುತ್ತೇವೆ, ರ‍್ಯಾಂಕ್ ಬರುತ್ತದೆ, ಆಪ್ಷನ್ ಎಂಟ್ರಿ ಮಾಡುತ್ತೇವೆ, ಕೆಇಎ ಕಂಪ್ಯೂಟರ್ ಸೀಟು ಹಂಚುತ್ತದೆ. ನೀನು ಯಾರು, ಈ ಕೋರ್ಸೇ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಅಮೆರಿಕದ್ದು ಪೂರ್ತಿ ಉಲ್ಟಾ. ಎಲ್ಲ ಕಾಲೇಜಿಗೂ ಸೇರಿ ಒಂದು ಪರೀಕ್ಷೆ, ಒಂದು ರ‍್ಯಾಂಕ್, ಒಂದು ಕೌನ್ಸೆಲಿಂಗ್ ಅಲ್ಲಿಲ್ಲ. ಪ್ರತಿ ಯೂನಿವರ್ಸಿಟಿಗೂ ಬೇರೆ ಅರ್ಜಿ, ಬೇರೆ ಫೀ, ಬೇರೆ ಕೊನೇ ದಿನಾಂಕ. ನೀವು ಕಳಿಸಿದ್ದೆಲ್ಲ ಸೇರಿ ಒಂದು ಫೈಲ್ ಆಗುತ್ತದೆ. ಅದನ್ನು ಮನುಷ್ಯರು ಕೂತು ಓದುತ್ತಾರೆ. ಬರೀ ಜಾತಕ ನೋಡಿ ಮದುವೆ ಗೊತ್ತು ಮಾಡುವುದು ಒಂದು ರೀತಿ. ಮನೆಗೆ ಬಂದು ಮಾತಾಡಿಸಿ, ಊರಲ್ಲಿ ನಾಲ್ಕು ಜನರ ಹತ್ತಿರ ವಿಚಾರಿಸಿ ಗೊತ್ತು ಮಾಡುವುದು ಇನ್ನೊಂದು ರೀತಿ. ನಮ್ಮ ಸಿಇಟಿ ಮೊದಲನೆಯದು, ಅಮೆರಿಕದ ಅಡ್ಮಿಷನ್ ಎರಡನೆಯದು. ಜಾತಕ ಅಲ್ಲೂ ನೋಡುತ್ತಾರೆ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ.

2024-25ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019. ಬೇರೆ ಯಾವ ದೇಶದವರೂ ಇಷ್ಟಿಲ್ಲ. ಅವರಲ್ಲಿ ಜಾಸ್ತಿ ಜನ ಡಿಗ್ರಿ ಮುಗಿಸಿ ಮುಂದೆ ಓದಲು ಹೋದವರು. ಅದಕ್ಕೇ ಇಲ್ಲಿ ಮುಖ್ಯವಾಗಿ ಎಂಎಸ್ (ಅಂದರೆ ಸ್ನಾತಕೋತ್ತರ ಡಿಗ್ರಿ) ಅರ್ಜಿಯ ಬಗ್ಗೆ ಹೇಳುತ್ತೇನೆ. ಪಿಯುಸಿ ಆದ ಕೂಡಲೇ ಹೋಗುವವರ ದಾರಿ ಸ್ವಲ್ಪ ಬೇರೆ, ಅದೂ ಮುಂದೆ ಬರುತ್ತದೆ.

ಯಾರು ಓದುತ್ತಾರೆ, ಯಾವಾಗ ಓದುತ್ತಾರೆ

ಎಂಎಸ್ ಅಥವಾ ಪಿಎಚ್‌ಡಿ ಅರ್ಜಿಯನ್ನು ಸಾಮಾನ್ಯವಾಗಿ ನೀವು ಸೇರಬೇಕೆಂದಿರುವ ವಿಭಾಗದವರೇ ನೋಡುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೆ ಹಾಕಿದರೆ ಆ ವಿಭಾಗದ ಪ್ರೊಫೆಸರ್‌ಗಳ ಸಮಿತಿ. ಹಾಗಾಗಿ ಒಂದೇ ಯೂನಿವರ್ಸಿಟಿಯಲ್ಲಿ ಸಿವಿಲ್ ವಿಭಾಗ ಸುಲಭವಾಗಿ ಸೀಟು ಕೊಟ್ಟು, ಕಂಪ್ಯೂಟರ್ ವಿಭಾಗ ನೂರಕ್ಕೆ ತೊಂಬತ್ತು ಜನರನ್ನು ವಾಪಸ್ ಕಳಿಸಿರಬಹುದು. ಯೂನಿವರ್ಸಿಟಿಯ ಹೆಸರೊಂದನ್ನೇ ನೋಡಿ ಲೆಕ್ಕ ಹಾಕಿದರೆ ಎಡವುವುದು ಇಲ್ಲೇ.

ಅಲ್ಲಿನ ಮುಖ್ಯ ಶೈಕ್ಷಣಿಕ ವರ್ಷ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ಗೆ ಶುರು. ಇದನ್ನು ಫಾಲ್ ಎನ್ನುತ್ತಾರೆ. ಜನವರಿಯಲ್ಲಿ ಶುರುವಾಗುವುದು ಸ್ಪ್ರಿಂಗ್. ಸ್ಪ್ರಿಂಗ್‌ಗೆ ಎಲ್ಲ ಕಡೆ ಪ್ರವೇಶ ಇರುವುದಿಲ್ಲ. ಫಾಲ್‌ಗೆ ಹೋಗಬೇಕಾದರೆ ಹಿಂದಿನ ಡಿಸೆಂಬರ್ ಆಸುಪಾಸು ಅರ್ಜಿ ಹೋಗಿರಬೇಕು. ಕೆಲವು ಕಡೆ ಜನವರಿ, ಫೆಬ್ರವರಿವರೆಗೂ ಸಮಯ ಇರುತ್ತದೆ. ಅರ್ಜಿ ಹಾಕುವುದಕ್ಕೂ ಕ್ಲಾಸಿಗೆ ಕೂರುವುದಕ್ಕೂ ನಡುವೆ ಎಂಟು ತಿಂಗಳು. ಪರೀಕ್ಷೆ, ಕಾಗದ ಪತ್ರ, ಬರವಣಿಗೆಗೆ ಅದಕ್ಕೂ ಹಿಂದೆ ಐದಾರು ತಿಂಗಳು ಬೇಕು. ಎಂಟನೇ ಸೆಮಿಸ್ಟರ್ ಮುಗಿದ ಮೇಲೆ ನೋಡೋಣ ಅಂದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ನನ್ನ ಅಕ್ಕನ ಮಗಳಿಗೆ ಆಗಿದ್ದೂ ಅದೇ, ಅವಳು ಕೇಳಿದ್ದು ನವೆಂಬರ್‌ನಲ್ಲಿ.

ಅಂಕ: ಹೇಗಿದೆಯೋ ಹಾಗೆ

ಫೈಲ್‌ನ ಮೊದಲ ಕಾಗದ ಟ್ರಾನ್ಸ್‌ಕ್ರಿಪ್ಟ್. ಎಲ್ಲ ಸೆಮಿಸ್ಟರ್‌ಗಳ ವಿಷಯ, ಅಂಕ ಅಥವಾ ಗ್ರೇಡ್ ಒಂದೇ ಕಡೆ ಇರುವ, ಸಹಿ ಸೀಲು ಬಿದ್ದ ದಾಖಲೆ ಇದು. ನಿಮ್ಮ ಹತ್ತಿರ ಇರುವ ಎಂಟು ಮಾರ್ಕ್ಸ್ ಕಾರ್ಡ್‌ಗಳ ಕಟ್ಟು ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ವಿಟಿಯು ಆಗಲಿ, ಬೇರೆ ವಿಶ್ವವಿದ್ಯಾಲಯ ಆಗಲಿ, ಇದಕ್ಕೆ ಅರ್ಜಿ ಕೊಟ್ಟು ಫೀ ಕಟ್ಟಿ ಕಾಯಬೇಕು. ಕಾಲೇಜು ಆಫೀಸಿನ ಊಟದ ಸಮಯ, ರಜೆ, ಸಹಿ ಹಾಕುವವರ ಟೂರು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಜಿ ಹಾಕುವಾಗ ಬಹುತೇಕ ಕಡೆ ಸ್ಕ್ಯಾನ್ ಮಾಡಿದ ಪ್ರತಿ ಸಾಕು, ಮೂಲ ಪ್ರತಿ ಕೇಳುವುದು ಸೀಟು ಸಿಕ್ಕಿದ ಮೇಲೆ.

ಅಮೆರಿಕದಲ್ಲಿ ಅಂಕ ಅಳೆಯುವುದು 4ಕ್ಕೆ, ಅದಕ್ಕೆ ಜಿಪಿಎ ಎನ್ನುತ್ತಾರೆ. ನಮ್ಮದು 10ಕ್ಕೆ. ಎಷ್ಟೋ ಜನ 8.2 ಇದ್ದರೆ ಅದನ್ನು 4ರಿಂದ ಗುಣಿಸಿ 10ರಿಂದ ಭಾಗಿಸಿ 3.28 ಎಂದು ಬರೆಯುತ್ತಾರೆ. ಬೇಡ. ನಮ್ಮಲ್ಲಿ ಅಂಕ ಕೊಡುವ ಕೈ ಬೇರೆ, ಅಲ್ಲಿನ ಕೈ ಬೇರೆ ಎನ್ನುವುದು ಸಮಿತಿಗೆ ಗೊತ್ತಿರುತ್ತದೆ. 8.2 ಇದ್ದರೆ 8.2 ಎಂದೇ ಬರೆದು, 10ಕ್ಕೆ ಎಂದು ನಮೂದಿಸಿ. ಕೆಲವು ಯೂನಿವರ್ಸಿಟಿಗಳು ಬೇರೆ ದೇಶದ ಅಂಕಗಳನ್ನು ಅಮೆರಿಕದ ಅಳತೆಗೆ ತರುವ ಡಬ್ಲ್ಯುಇಎಸ್ ಥರದ ಸಂಸ್ಥೆಯಿಂದ ಲೆಕ್ಕ ಹಾಕಿಸಿ ಕಳಿಸಿ ಎನ್ನುತ್ತವೆ. ಕೇಳಿದರೆ ಮಾತ್ರ ಮಾಡಿಸಿದರೆ ಸಾಕು, ಸುಮ್ನೆ ದುಡ್ಡು ಕಟ್ಟಬೇಡಿ.

ಬ್ಯಾಕ್ ಇದ್ದರೆ? ಒಂದೆರಡು ಬ್ಯಾಕ್‌ನಿಂದ ಬಾಗಿಲು ಮುಚ್ಚುವುದಿಲ್ಲ. ಮೊದಲ ವರ್ಷ ಗಣಿತದಲ್ಲಿ ಫೇಲಾಗಿ, ಆಮೇಲೆ ಪ್ರತಿ ಸೆಮಿಸ್ಟರ್ ಮೇಲೇರಿದ ಫೈಲ್ ಕೆಟ್ಟದೇನಲ್ಲ. ಓದುವವರು ಏರಿಳಿತವನ್ನೂ ನೋಡುತ್ತಾರೆ. ಮುಚ್ಚಿಡುವುದು ಮಾತ್ರ ಅಪಾಯ.

ಬಿಎಸ್‌ಸಿ, ಬಿಕಾಂ, ಬಿಎ ಮಾಡಿದವರು ಒಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ ಡಿಗ್ರಿ ಎಂದರೆ ನಾಲ್ಕು ವರ್ಷ. ನಮ್ಮ ಮೂರು ವರ್ಷದ ಡಿಗ್ರಿಯನ್ನು ಕೆಲವು ಯೂನಿವರ್ಸಿಟಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ವಾಪಸ್ ಆಯಿತು. ಹಾಗಾಗಿ ಒಂದೇ ಕಾಲೇಜಿನ ಅಣ್ಣನಿಗೆ ಆದದ್ದು ತಮ್ಮನಿಗೂ ಆಗುತ್ತದೆ ಎನ್ನುವಂತಿಲ್ಲ. ಅರ್ಜಿ ಫೀ ಕಟ್ಟುವ ಮೊದಲೇ ಮೇಲ್ ಮಾಡಿ ಕೇಳಿ. ಉತ್ತರ ಕೊಡುತ್ತಾರೆ.

ಪರೀಕ್ಷೆಗಳು

ಜಿಆರ್‌ಇ ಎನ್ನುವುದು ಇಂಗ್ಲಿಷ್ ಮತ್ತು ಗಣಿತದ ಸಾಮರ್ಥ್ಯ ನೋಡುವ ಪರೀಕ್ಷೆ. ಎರಡು ಭಾಗ, ಒಂದೊಂದಕ್ಕೂ 130ರಿಂದ 170, ಒಟ್ಟು 340. ಜೊತೆಗೆ 6ಕ್ಕೆ ಒಂದು ಬರವಣಿಗೆ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯನ್ನು ಎರಡು ಗಂಟೆಯ ಒಳಗೆ ಮುಗಿಯುವಂತೆ ಮೊಟಕು ಮಾಡಿದ್ದಾರೆ. ಅಂಕ ಐದು ವರ್ಷ ನಡೆಯುತ್ತದೆ.

ಕೋವಿಡ್ ನಂತರ ಬಹಳ ವಿಭಾಗಗಳು ಜಿಆರ್‌ಇ ಕೈಬಿಟ್ಟವು, ಕೆಲವು ಮತ್ತೆ ತಂದವು. ಪ್ರತಿ ವಿಭಾಗದ ಪುಟದಲ್ಲೂ ಮೂರರಲ್ಲಿ ಒಂದು ಮಾತು ಇರುತ್ತದೆ: ಕಡ್ಡಾಯ, ಐಚ್ಛಿಕ, ನೋಡುವುದಿಲ್ಲ. ಗೊಂದಲ ಇರುವುದು ನಡುವಿನದರಲ್ಲಿ. ಐಚ್ಛಿಕ ಎಂದರೆ ಕಳಿಸದಿದ್ದರೂ ಫೈಲ್ ಓದುತ್ತಾರೆ, ಕಳಿಸಿದರೆ ಅದನ್ನೂ ಓದುತ್ತಾರೆ. ನಿಮ್ಮ ಸಿಜಿಪಿಎ ಸಾಧಾರಣ ಇದ್ದು ಜಿಆರ್‌ಇ ಚೆನ್ನಾಗಿ ಬಂದಿದ್ದರೆ ಕಳಿಸಿ. ಅಂಕ ಕಡಿಮೆ ಬಂದಿದ್ದರೆ ಬಾಯಿ ಮುಚ್ಚಿಕೊಂಡಿರಿ. ಅದು ಸುಳ್ಳು ಹೇಳಿದಂತಲ್ಲ.

ಇಂಗ್ಲಿಷ್ ಪರೀಕ್ಷೆ ಬೇರೆ. ಟೋಫೆಲ್, ಐಇಎಲ್‌ಟಿಎಸ್, ಡ್ಯುಯೊಲಿಂಗೊ ಈ ಮೂರರಲ್ಲಿ ಒಂದು ಸಾಕು. ಅಂಕಗಳು ಎರಡು ವರ್ಷ ಮಾತ್ರ ನಡೆಯುತ್ತವೆ. ಟೋಫೆಲ್ ಮೊದಲು 120ಕ್ಕೆ ಇತ್ತು. 2026ರ ಜನವರಿ 21ರಿಂದ 1ರಿಂದ 6ರ ಹೊಸ ಅಳತೆ ಬಂದಿದೆ. ಹಾಗಾಗಿ ಸೀನಿಯರ್‌ಗಳು "ನೂರು ತೆಗಿ ಸಾಕು" ಎಂದರೆ ಅದು ಹಳೇ ಲೆಕ್ಕ. ಇಂಗ್ಲಿಷ್ ಮೀಡಿಯಂನಲ್ಲೇ ಓದಿದ್ದೇನೆ ಎಂದು ಕಾಲೇಜಿನಿಂದ ಪತ್ರ ಕೊಟ್ಟರೆ ಕೆಲವು ಕಡೆ ಈ ಪರೀಕ್ಷೆಗೇ ವಿನಾಯಿತಿ ಸಿಗುತ್ತದೆ, ಎಲ್ಲ ಕಡೆ ಅಲ್ಲ.

ಇನಿಷಿಯಲ್ ಎಂಬ ಕರ್ನಾಟಕದ ತಲೆನೋವು

ಇದನ್ನು ಅಮೆರಿಕದ ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ, ನಾವೇ ಹೇಳಿಕೊಳ್ಳಬೇಕು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ಮಂಜುನಾಥ ಕೆ ಆರ್'. ಆಧಾರ್‌ನಲ್ಲಿ 'ಮಂಜುನಾಥ್'. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಇನ್ನೊಂದು ರೂಪ. ನಮ್ಮ ಕಣ್ಣಿಗೆ ಮೂವರೂ ಒಬ್ಬನೇ. ಕಂಪ್ಯೂಟರ್‌ಗೆ ಮೂರು ಜನ.

ಅರ್ಜಿ, ಜಿಆರ್‌ಇ, ಟೋಫೆಲ್, ಐ-20 (ಸೀಟು ಕೊಟ್ಟ ಯೂನಿವರ್ಸಿಟಿ ವೀಸಾಕ್ಕೆಂದು ಕಳಿಸುವ ಪತ್ರ), ವೀಸಾ ಎಲ್ಲಕ್ಕೂ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ, ಅಕ್ಷರ ಸಮೇತ. ಪಾಸ್‌ಪೋರ್ಟ್‌ನಲ್ಲಿ ಬರೀ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಅಲ್ಲಿ ಬ್ಯಾಂಕ್ ಖಾತೆ, ಲೈಸೆನ್ಸ್ ಎಲ್ಲದರಲ್ಲೂ 'ಎಫ್‌ಎನ್‌ಯು ಮಂಜುನಾಥ' ಆಗಿ ಓಡಾಡಬೇಕು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಸೇರಿಸುವುದಿದ್ದರೆ ಅರ್ಜಿ ಶುರು ಮಾಡುವ ಮೊದಲೇ ಮಾಡಿಸಿಕೊಳ್ಳಿ.

ಎಸ್‌ಒಪಿ: ನಿಮ್ಮ ಪರವಾಗಿ ಮಾತಾಡುವ ಎರಡು ಪುಟ

ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಬಾಯಿಮಾತಿನಲ್ಲಿ ಎಸ್‌ಒಪಿ. ನಾನು ಏನು ಮಾಡಿದ್ದೇನೆ, ಮುಂದೆ ಏನು ಕಲಿಯಬೇಕು, ಅದಕ್ಕೆ ನಿಮ್ಮ ವಿಭಾಗವೇ ಯಾಕೆ ಬೇಕು. ಈ ಮೂರು ಪ್ರಶ್ನೆಗೆ ಸುಮಾರು 500ರಿಂದ 1000 ಪದಗಳಲ್ಲಿ ಉತ್ತರ. ಅಂಕ ಆಗಲೇ ಬಂದಾಗಿದೆ, ಬದಲಾಯಿಸಲು ಆಗುವುದಿಲ್ಲ. ಫೈಲ್‌ನಲ್ಲಿ ಈಗಲೂ ನಿಮ್ಮ ಕೈಯಲ್ಲಿರುವುದು ಇದೊಂದೇ.

ಅಕ್ಕನ ಮಗಳ ಮೊದಲ ಪ್ರತಿ ನೋಡಿದೆ. ಶುರುವೇ "ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಎಂದರೆ ಪ್ರಾಣ". ಆಮೇಲೆ ಒಬ್ಬ ಮಹಾಪುರುಷರ ಮಾತು. ಆಮೇಲೆ "ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯ". ಇದೇ ಪತ್ರವನ್ನು ಹೆಸರು ಬದಲಾಯಿಸಿ ಯಾರು ಬೇಕಾದರೂ ಕಳಿಸಬಹುದಿತ್ತು. ಸಮಿತಿಯವರು ಇಂಥದ್ದನ್ನು ದಿನಕ್ಕೆ ಹತ್ತಾರು ಓದುತ್ತಾರೆ.

"ನಿನ್ನ ಪ್ರಾಜೆಕ್ಟ್ ಏನಾಗಿತ್ತು?" ಎಂದು ಕೇಳಿದೆ. ಅಡಿಕೆ ಗೊನೆಯ ಫೋಟೋ ನೋಡಿ ಕೊಳೆರೋಗ ಗುರುತಿಸುವ ಆ್ಯಪ್ ಅಂತೆ. ಲ್ಯಾಬ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಜುಲೈನಲ್ಲಿ ಅಜ್ಜನ ತೋಟಕ್ಕೆ ತೆಗೆದುಕೊಂಡು ಹೋದರೆ ಕೈಕೊಟ್ಟಿತು. ಯಾಕೆ? ಕಲಿಸಲು ಬಳಸಿದ ಫೋಟೋಗಳೆಲ್ಲ ಮಳೆ ಬಿಟ್ಟಾಗ, ಬೆಳಕು ಚೆನ್ನಾಗಿದ್ದಾಗ ತೆಗೆದವು. ಸುರಿಯುವ ಮಳೆಯಲ್ಲಿ, ಮಂಕು ಬೆಳಕಿನಲ್ಲಿ, ನೀರು ತೊಟ್ಟಿಕ್ಕುವ ಕಾಯಿ ಅದಕ್ಕೆ ಹೊಸದು. ಇವಳು ಮತ್ತೆ ಎರಡು ವಾರ ಕೊಡೆ ಹಿಡಿದುಕೊಂಡು ಫೋಟೋ ತೆಗೆದಿದ್ದಾಳೆ. ಅರ್ಧ ಸರಿಯಾಯಿತು, ಇನ್ನರ್ಧ ಯಾಕೆ ಆಗಲಿಲ್ಲ ಎನ್ನುವುದು ಇನ್ನೂ ಗೊತ್ತಿಲ್ಲ.

ಎಸ್‌ಒಪಿ ಅಂದರೆ ಇದೇ. ಒಂದು ಕೆಲಸ, ಅದರಲ್ಲಿ ಎಡವಿದ ಜಾಗ, ಸರಿಮಾಡಲು ಏನು ಮಾಡಿದೆ, ಎಲ್ಲಿ ನಿಂತುಹೋದೆ, ಮುಂದಕ್ಕೆ ಹೋಗಲು ಯಾವ ವಿದ್ಯೆ ಬೇಕು. ಆ ವಿದ್ಯೆ ಕಲಿಸುವ ಕೋರ್ಸ್ ಅಥವಾ ಆ ಕೆಲಸ ಮಾಡುತ್ತಿರುವ ಪ್ರೊಫೆಸರ್ ಅಲ್ಲಿದ್ದರೆ ಹೆಸರು ಹಿಡಿದು ಬರೆಯಬೇಕು. ಆ ಪ್ಯಾರಾ ಪ್ರತಿ ಯೂನಿವರ್ಸಿಟಿಗೂ ಬದಲಾಗುತ್ತದೆ, ಉಳಿದದ್ದು ಹೆಚ್ಚು ಕಡಿಮೆ ಅದೇ. ಎಐ ಬಳಿ ಬರೆಸಿದರೆ ಇಂಗ್ಲಿಷ್ ನುಣ್ಣಗಿರುತ್ತದೆ. ಅಜ್ಜನ ತೋಟದ ಕೊಡೆ ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ.

"ನೀನೇ ಬರ್ಕೊಂಡು ಬಾ, ನಾನು ಸೈನ್ ಹಾಕ್ತೀನಿ"

ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ನಿಮಗೆ ಪಾಠ ಮಾಡಿದವರು, ಪ್ರಾಜೆಕ್ಟ್ ಮಾಡಿಸಿದವರು, ಕೆಲಸದ ಕಡೆಯ ಮೇಲಧಿಕಾರಿ, ಇಂಥವರು ಬರೆಯಬೇಕು. ಪ್ರಿನ್ಸಿಪಾಲ್ ಅಥವಾ ಗುರುತಿರುವ ದೊಡ್ಡ ಮನುಷ್ಯರು ಬರೆದರೆ ತೂಕ ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿದೆ. ನಿಮ್ಮನ್ನು ಮೂರು ವರ್ಷ ಹತ್ತಿರದಿಂದ ನೋಡಿದ ಲೆಕ್ಚರರ್ ಬರೆದದ್ದಕ್ಕೇ ಅಲ್ಲಿ ಹೆಚ್ಚು ಬೆಲೆ.

ಅರ್ಜಿಯಲ್ಲಿ ನೀವು ಅವರ ಇಮೇಲ್ ವಿಳಾಸ ತುಂಬುತ್ತೀರಿ. ಯೂನಿವರ್ಸಿಟಿಯಿಂದ ಅವರಿಗೆ ನೇರವಾಗಿ ಲಿಂಕ್ ಹೋಗುತ್ತದೆ. ಅವರೇ ಪತ್ರ ಹಾಕಬೇಕು, ನಿಮಗೆ ಕಾಣಿಸುವುದಿಲ್ಲ. ಕಾಲೇಜಿನ ಇಮೇಲ್ ಇದ್ದರೆ ಅದನ್ನೇ ಕೊಡಿ. ಸುಮ್ನೆ ಜಿಮೇಲ್ ಇದ್ದರೆ ಇದು ಅವರದ್ದೇನಾ ಎಂಬ ಅನುಮಾನ ಬರಬಹುದು. ಅದೇ ಪುಟದಲ್ಲಿ "ಈ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ?" ಎಂಬ ಪ್ರಶ್ನೆ ಬರುತ್ತದೆ. 1974ರ ಅಮೆರಿಕದ ಒಂದು ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ, ಅದರ ಬಾಲ ಇದು. ಬಹುತೇಕರು ಹೌದು ಎಂದೇ ಕೊಡುತ್ತಾರೆ. ವಿದ್ಯಾರ್ಥಿ ನೋಡುವುದಿಲ್ಲ ಎಂದು ಗೊತ್ತಿದ್ದರೆ ಬರೆಯುವವರು ಮನಸ್ಸು ಬಿಚ್ಚಿ ಬರೆದಿರುತ್ತಾರೆ ಎಂಬ ಲೆಕ್ಕ.

ಈಗ ನಮ್ಮ ಕಡೆಯ ವಾಸ್ತವ. ಎಚ್‌ಒಡಿ ಹತ್ತಿರ ಹೋದರೆ ಮೇಲಿನ ಮಾತು ಹೇಳುತ್ತಾರೆ. ಪಾಪ, ಅವರಿಗೂ ಅರವತ್ತು ಜನ ಬೆನ್ನು ಬಿದ್ದಿರುತ್ತಾರೆ. ಆದರೆ ಮೂರೂ ಪತ್ರ ನೀವೇ ಬರೆದರೆ ಮೂರರಲ್ಲೂ ಒಂದೇ ಕೈ, ಒಂದೇ ಪದ, ಒಂದೇ ಹೊಗಳಿಕೆ. ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನಡುದಾರಿ ಒಂದಿದೆ. "ಸರ್, ನಿಮಗೆ ನೆನಪಿಗೆ ಅಂತ ಒಂದು ಪುಟ ಮಾಡಿಕೊಂಡು ಬಂದಿದ್ದೀನಿ" ಎಂದು ಕೊಡಿ. ಯಾವ ಸೆಮಿಸ್ಟರ್, ಯಾವ ವಿಷಯ, ಎಷ್ಟು ಅಂಕ, ಯಾವ ಪ್ರಾಜೆಕ್ಟ್, ಅವರ ಎದುರಿಗೇ ನಡೆದ ಒಂದು ಘಟನೆ. ಪತ್ರದ ವಾಕ್ಯ ಅವರದ್ದಾಗಿರಲಿ. ಕೊನೇ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ಕೊಟ್ಟರೆ ಅವರೂ ಬೈಯುವುದಿಲ್ಲ.

ಎಲ್ಲಿಗೆ ಹಾಕುವುದು

ಅಮೆರಿಕದಲ್ಲಿ ನಮ್ಮ ಯುಜಿಸಿ ಥರದ ಕೇಂದ್ರ ಸಂಸ್ಥೆ ಇಲ್ಲ. ಗುಣಮಟ್ಟ ನೋಡಿ ಮಾನ್ಯತೆ ಕೊಡುವುದು ಸ್ವತಂತ್ರ ಸಂಸ್ಥೆಗಳು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರ್ಕಾರದ ಬೇರೆ ಅನುಮತಿ ಬೇಕು, ಆ ಪಟ್ಟಿ ಅಲ್ಲಿನ ಗೃಹಭದ್ರತಾ ಇಲಾಖೆಯ ಜಾಲತಾಣದಲ್ಲಿದೆ. ಎರಡನ್ನೂ ನೋಡಿ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ ದಾಳಿ ಆಯಿತು. ಅಲ್ಲಿ ಓದುತ್ತಿದ್ದವರಲ್ಲಿ ಬಹುಪಾಲು ಭಾರತೀಯರು, ಕೆಲವರ ಕಾಲಿಗೆ ಎಲ್ಲಿದ್ದಾರೆಂದು ತೋರಿಸುವ ಪಟ್ಟಿ ಕಟ್ಟಿದ್ದರು. 2019ರಲ್ಲಿ ಬಯಲಾದ ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯಂತೂ ಸರ್ಕಾರವೇ ಬಲೆ ಬೀಸಲು ಹುಟ್ಟುಹಾಕಿದ ಸುಳ್ಳು ಸಂಸ್ಥೆ. ಕ್ಲಾಸೇ ಇರಲಿಲ್ಲ. ಸಿಕ್ಕಿಬಿದ್ದವರಲ್ಲಿ 129 ಜನ ಭಾರತೀಯರು. ಕ್ಲಾಸಿಗೆ ಬರುವುದು ಬೇಡ, ಫೀ ಕಟ್ಟಿದರೆ ಸಾಕು ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸಾಮಾನ್ಯವಾಗಿ ಆರರಿಂದ ಹತ್ತು ಕಡೆ ಹಾಕುತ್ತಾರೆ. ಕೈಗೆ ಎಟುಕದಂತೆ ಕಾಣುವ ಒಂದೆರಡು, ನಿಮ್ಮ ಮಟ್ಟಕ್ಕೆ ಸರಿಹೊಂದುವ ನಾಲ್ಕೈದು, ಖಂಡಿತ ಸಿಗಬಹುದಾದ ಒಂದೆರಡು. ಕೊನೆಯ ಗುಂಪಿಗೆ ಸೇರಿದ್ದು ಕೂಡ ಸಿಕ್ಕಿದರೆ ಹೋಗಲು ಮನಸ್ಸಿರುವಂಥದ್ದೇ ಆಗಿರಲಿ.

ಕನ್ಸಲ್ಟೆನ್ಸಿ ಬೇಕಾ? ಕಡ್ಡಾಯವೇನಲ್ಲ. "ನಮ್ಮ ಸೇವೆ ಫ್ರೀ" ಎನ್ನುವವರಿಗೆ ಎಷ್ಟೋ ಸಲ ಯೂನಿವರ್ಸಿಟಿ ಕಮಿಷನ್ ಕೊಡುತ್ತಿರುತ್ತದೆ. ಆಗ ಅವರ ಪಟ್ಟಿಯಲ್ಲಿ ಇರುವುದು ಕಮಿಷನ್ ಕೊಡುವ ಯೂನಿವರ್ಸಿಟಿಗಳೇ. ದುಡ್ಡು ಕೇಳದೆ ಮಾಹಿತಿ ಕೊಡುವುದು ಅಮೆರಿಕ ಸರ್ಕಾರದ ಎಜುಕೇಷನ್‌ಯುಎಸ್‌ಎ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಯಾರೇ ತುಂಬಿಕೊಟ್ಟರೂ ಅರ್ಜಿಯ ಕೆಳಗೆ ಸಹಿ ನಿಮ್ಮದು. ಸುಳ್ಳು ಕಾಗದ ಹಾಕಿ ವೀಸಾ ಹಂತದಲ್ಲಿ ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಪಿಯುಸಿ ಆದಮೇಲೆ ಹೋಗುವವರಿಗೆ

ಡಿಗ್ರಿಗೇ ಹೋಗುವವರಿಗೆ ಕಾಮನ್ ಆ್ಯಪ್ ಎಂಬ ಸೌಲಭ್ಯವಿದೆ. ಒಂದು ಅರ್ಜಿ ತುಂಬಿ ಹಲವು ಕಾಲೇಜಿಗೆ ಕಳಿಸಬಹುದು, ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅದರಲ್ಲಿವೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ನವೆಂಬರ್ ಆರಂಭದಲ್ಲಿ ಬೇಗನೆ ಹಾಕುವವರ ಸರದಿ, ಜನವರಿ ಆರಂಭದಲ್ಲಿ ಉಳಿದವರದ್ದು. ಅರ್ಲಿ ಡಿಸಿಷನ್ ಎಂದು ಹಾಕಿದರೆ ಹುಷಾರು. ಸೀಟು ಸಿಕ್ಕಿದರೆ ಬರುತ್ತೇನೆ ಎಂದು ಮಾತು ಕೊಟ್ಟ ಹಾಗೆ, ಹಾಗಾಗಿ ಒಂದೇ ಕಾಲೇಜಿಗೆ ಹಾಕಬಹುದು.

ಎಸ್‌ಒಪಿ ಬದಲು ಇಲ್ಲಿ 650 ಪದದ ಪ್ರಬಂಧ, ಅದು ಓದಿನ ಬಗ್ಗೆಯೇ ಇರಬೇಕೆಂದಿಲ್ಲ. ಜಿಆರ್‌ಇ ಜಾಗದಲ್ಲಿ 1600ಕ್ಕೆ ಎಸ್‌ಎಟಿ, ಅದೂ ಕೆಲವು ಕಡೆ ಕಡ್ಡಾಯ, ಕೆಲವು ಕಡೆ ಅಲ್ಲ. ಒಂಬತ್ತನೇ ಕ್ಲಾಸಿನಿಂದಲೇ ಅಂಕ ಕೇಳುತ್ತಾರೆ. ನಮ್ಮಲ್ಲಿ ಹೈಸ್ಕೂಲು ಒಂದು ಕಡೆ, ಪಿಯು ಇನ್ನೊಂದು ಕಡೆ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಹುಡುಕಲು ಹಳೇ ಶಾಲೆಯ ಕ್ಲರ್ಕ್ ಹತ್ತಿರ ಹೋಗಬೇಕಾದೀತು. 'ಸ್ಕೂಲ್ ಕೌನ್ಸೆಲರ್' ಪತ್ರವನ್ನೂ ಕೇಳುತ್ತಾರೆ. ಬಹುತೇಕ ಪಿಯು ಕಾಲೇಜುಗಳಲ್ಲಿ ಅಂಥ ಹುದ್ದೆಯೇ ಇಲ್ಲ, ಪ್ರಿನ್ಸಿಪಾಲ್ ಅಥವಾ ಒಬ್ಬ ಲೆಕ್ಚರರ್ ಆ ಕೆಲಸ ಮಾಡಬಹುದು.

ಹಣದ ವಿಷಯದಲ್ಲಿ ಒಂದು ಪದ ಗೊತ್ತಿರಲಿ: ನೀಡ್-ಬ್ಲೈಂಡ್. ನಿಮ್ಮ ಮನೆಯಲ್ಲಿ ದುಡ್ಡು ಇದೆಯೋ ಇಲ್ಲವೋ ಎನ್ನುವುದನ್ನು ನೋಡದೆ ಸೀಟು ಕೊಡುವ ಪದ್ಧತಿ. ವಿದೇಶಿ ವಿದ್ಯಾರ್ಥಿಗಳಿಗೂ ಇದನ್ನು ಪಾಲಿಸಿ, ಸೇರಿದ ಮೇಲೆ ಅಗತ್ಯವಿರುವಷ್ಟು ಸಹಾಯ ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಅವುಗಳಲ್ಲಿ ಸೇರಿವೆ. ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ ಎಂದು ಹೇಳಬೇಕಿಲ್ಲ. ಉಳಿದ ಬಹಳಷ್ಟು ಕಡೆ, ಸಹಾಯ ಬೇಕು ಎಂದು ಟಿಕ್ ಹಾಕಿದರೆ ಅದೂ ತೀರ್ಮಾನದಲ್ಲಿ ಸೇರುತ್ತದೆ.

ದುಡ್ಡು

ಅರ್ಜಿ ಹಂತದಲ್ಲೇ ಖರ್ಚು ಶುರು. ಒಂದು ಅರ್ಜಿಗೆ 90 ಡಾಲರ್ ಎಂದಿಟ್ಟುಕೊಳ್ಳಿ, ಎಂಟು ಅರ್ಜಿಗೆ 720. ಡಾಲರ್‌ಗೆ 90 ರೂಪಾಯಿ ಲೆಕ್ಕದಲ್ಲಿ ಸುಮಾರು 65 ಸಾವಿರ. ಪರೀಕ್ಷೆಗಳ ಫೀ ಇದರಲ್ಲಿಲ್ಲ. ಸೀಟು ಸಿಗದಿದ್ದರೆ ಇದು ವಾಪಸ್ ಬರುವುದೂ ಇಲ್ಲ.

ಇನ್ನು ಓದಿನ ಖರ್ಚು. ಟ್ಯೂಷನ್ 30 ಸಾವಿರ ಡಾಲರ್, ಬಾಡಿಗೆ ಊಟ ಇನ್ಶೂರೆನ್ಸ್ ಎಲ್ಲ ಸೇರಿ 20 ಸಾವಿರ ಎಂದರೆ ವರ್ಷಕ್ಕೆ 50 ಸಾವಿರ ಡಾಲರ್. ಅದೇ ಲೆಕ್ಕದಲ್ಲಿ 45 ಲಕ್ಷ. ಇದು ಲೆಕ್ಕ ತೋರಿಸಲು ಹಾಕಿದ ಉದಾಹರಣೆ ಅಷ್ಟೆ. ಸಣ್ಣ ಊರಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಇದಕ್ಕಿಂತ ಕಡಿಮೆ, ದೊಡ್ಡ ನಗರದ ಖಾಸಗಿಯಲ್ಲಿ ಬಹಳ ಜಾಸ್ತಿ. ಸರ್ಕಾರಿ ಎಂದರೆ ಅಲ್ಲಿ ರಾಜ್ಯ ಸರ್ಕಾರದ್ದು. ಆ ರಾಜ್ಯದ ಮಕ್ಕಳಿಗೆ ಒಂದು ಫೀ, ಹೊರಗಿನವರಿಗೆ ಇನ್ನೊಂದು, ನಾವು ಎರಡನೆಯದರಲ್ಲಿ ಬರುತ್ತೇವೆ.

ಪಿಎಚ್‌ಡಿಗೆ ಹೋದರೆ ಬಹುತೇಕ ಫೀ ಮಾಫಿ, ಮೇಲೆ ಸ್ಟೈಪೆಂಡ್. ಎಂಎಸ್‌ಗೆ ಹಾಗಲ್ಲ, ಹೆಚ್ಚಿನವರು ಕೈಯಿಂದಲೇ ಹಾಕುತ್ತಾರೆ. ಫುಲ್‌ಬ್ರೈಟ್-ನೆಹರು ಫೆಲೋಶಿಪ್, 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ-ವಿದ್ಯಾರ್ಥಿವೇತನ, ಕರ್ನಾಟಕ ಸರ್ಕಾರ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕೊಡುವ ಪ್ರಬುದ್ಧ ಯೋಜನೆ, ಇವೆಲ್ಲ ನೋಡಬೇಕಾದವು. ಉಳಿದದ್ದು ಬ್ಯಾಂಕ್ ಸಾಲ.

ಸೀಟು ಸಿಕ್ಕಿದ ಮೇಲೆ ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ಯೂನಿವರ್ಸಿಟಿಗೆ ತೋರಿಸಬೇಕು. ಉಳಿತಾಯ ಖಾತೆ, ಎಫ್‌ಡಿ, ಸಾಲ ಮಂಜೂರಾದ ಪತ್ರ ನಡೆಯುತ್ತವೆ. ಅಡಿಕೆ ತೋಟದ ಪಹಣಿ, ಸೈಟಿನ ಖಾತೆ, ಮನೆಯ ಚಿನ್ನ ಸಾಮಾನ್ಯವಾಗಿ ನಡೆಯುವುದಿಲ್ಲ. ಬೇಕೆಂದಾಗ ಕೈಗೆ ಬರುವ ಹಣ ಮಾತ್ರ ಅವರಿಗೆ ಲೆಕ್ಕ. ಆಸ್ತಿಯನ್ನು ಬ್ಯಾಂಕಿಗೆ ಅಡ ಇಟ್ಟು ಸಾಲ ಪಡೆದರೆ, ಆ ಸಾಲದ ಪತ್ರ ನಡೆಯುತ್ತದೆ.

ಸೀಟು ಬಂತು, ಇನ್ನು ವೀಸಾ

ಉತ್ತರಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದೊಂದಾಗಿ ಬರುತ್ತವೆ. ಸಹಾಯಧನ ಸಮೇತ ಆಫರ್ ಬಂದಿದ್ದರೆ, ಈ ಬಗ್ಗೆ ತಮ್ಮ ತಮ್ಮಲ್ಲಿ ಒಪ್ಪಂದ ಮಾಡಿಕೊಂಡಿರುವ ಯೂನಿವರ್ಸಿಟಿಗಳು ಏಪ್ರಿಲ್ 15ರವರೆಗೆ ಯೋಚಿಸಲು ಸಮಯ ಕೊಡುತ್ತವೆ. ಒಪ್ಪಿಕೊಂಡು, ಹಣದ ಕಾಗದ ಕೊಟ್ಟರೆ ಐ-20 ಬರುತ್ತದೆ. ನಿಮ್ಮ ಹೆಸರು, ಕೋರ್ಸ್, ಶುರುವಾಗುವ ದಿನ, ಖರ್ಚು, ಆ ಖರ್ಚು ಯಾರು ಕೊಡುತ್ತಾರೆ ಎಲ್ಲ ಅದರಲ್ಲಿರುತ್ತದೆ. ವಿದ್ಯಾರ್ಥಿ ವೀಸಾದ ಹೆಸರು ಎಫ್-1. ಐ-20 ಇಲ್ಲದೆ ಎಫ್-1 ಇಲ್ಲ.

ಆಮೇಲೆ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಲ್ಲಿನ ಸರ್ಕಾರಿ ವ್ಯವಸ್ಥೆ) ಫೀ, ಡಿಎಸ್-160 ಎಂಬ ಆನ್‌ಲೈನ್ ಅರ್ಜಿ, 185 ಡಾಲರ್ ವೀಸಾ ಅರ್ಜಿ ಫೀ. ಡಿಎಸ್-160ರಲ್ಲಿ ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಬರೆಯಬೇಕು. 2025ರ ಜೂನ್‌ನಿಂದ ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಲೂ ಹೇಳುತ್ತಿದ್ದಾರೆ. ಆಮೇಲೆ ಬೆರಳಚ್ಚು ಮತ್ತು ಫೋಟೋಗೆ ಒಮ್ಮೆ, ಸಂದರ್ಶನಕ್ಕೆ ಒಮ್ಮೆ ಹೋಗಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆ ಆಯಿತು, ಆದರೆ ಆಗ ವೀಸಾ ಸೇವೆ ಅದರಲ್ಲಿರಲಿಲ್ಲ. ನಮ್ಮವರು ಚೆನ್ನೈ, ಹೈದರಾಬಾದ್, ಮುಂಬೈಗೆ ರಾತ್ರಿ ಬಸ್ಸು ಹತ್ತುವುದು ಅದಕ್ಕೇ.

ಸಂದರ್ಶನ ಎರಡು ಮೂರು ನಿಮಿಷ. ಗಾಜಿನ ಆಚೆ ಅಧಿಕಾರಿ, ಈಚೆ ನೀವು, ನಿಂತುಕೊಂಡೇ. ಯಾಕೆ ಈ ಯೂನಿವರ್ಸಿಟಿ, ಇನ್ನೆಲ್ಲಿ ಹಾಕಿದ್ದೆ, ಖರ್ಚು ಯಾರದ್ದು, ಅಪ್ಪ ಏನು ಮಾಡುತ್ತಾರೆ. ನಿರಾಕರಿಸಿದರೆ ಜಾಸ್ತಿ ಸಲ 214(ಬಿ) ಎಂದು ಬರೆದ ಚೀಟಿ ಕೊಡುತ್ತಾರೆ. ಅದು ಅಮೆರಿಕದ ವಲಸೆ ಕಾಯ್ದೆಯ ಒಂದು ಕಲಂ. ವೀಸಾ ಕೇಳುವವರೆಲ್ಲ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದು ಕಾನೂನು ಮೊದಲೇ ಊಹಿಸುತ್ತದೆ, ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಅಂದರೆ ಆ ಚೀಟಿ ಕೊಟ್ಟರೆ ನೀವು ತಪ್ಪು ಮಾಡಿದ್ದೀರಿ ಅಂತಲ್ಲ, ಅಧಿಕಾರಿಗೆ ನಂಬಿಕೆ ಬರಲಿಲ್ಲ ಅಂತ. ಮತ್ತೆ ಅರ್ಜಿ ಹಾಕಬಹುದು, ಫೀ ಮತ್ತೆ ಕಟ್ಟಬೇಕು. 221(ಜಿ) ಎಂದಿದ್ದರೆ ಇನ್ನೂ ಕಾಗದ ಅಥವಾ ಪರಿಶೀಲನೆ ಬಾಕಿ ಇದೆ ಎಂದರ್ಥ. ಬಾಯಿಪಾಠ ಮಾಡಿದ ಉತ್ತರ ಆ ಗಾಜಿನ ಆಚೆಗೆ ಬಹಳ ಬೇಗ ಗೊತ್ತಾಗುತ್ತದೆ. ಎಸ್‌ಒಪಿ ಸ್ವಂತ ಬರೆದವರಿಗೆ ಇಲ್ಲಿ ಕಷ್ಟ ಕಡಿಮೆ, ಯಾಕೆಂದರೆ ಕೇಳುವುದು ಅದೇ ಪ್ರಶ್ನೆಗಳನ್ನು.

ಓದು, ಆಮೇಲೆ ಕೆಲಸ

ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೊರಗಿನ ಹೋಟೆಲು, ಪೆಟ್ರೋಲ್ ಬಂಕ್‌ನಲ್ಲಿ ಕದ್ದು ಮಾಡಿದರೆ ವೀಸಾಕ್ಕೇ ಸಂಚಕಾರ. ಓದು ಮುಗಿದ ಮೇಲೆ ಒಪಿಟಿ ಎಂಬ ಅವಕಾಶದಲ್ಲಿ 12 ತಿಂಗಳು ಕೆಲಸ ಮಾಡಬಹುದು, ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24. ಅದಾದ ಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ, ಅದಕ್ಕೆ ವರ್ಷಕ್ಕೆ 85 ಸಾವಿರದ ಮಿತಿ ಇದೆ, ಬೇಡಿಕೆ ಅದಕ್ಕಿಂತ ಬಹಳ ಜಾಸ್ತಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿಗೆ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಬಂದಾಗ ಎಷ್ಟೋ ಮನೆಗಳಲ್ಲಿ ನಿದ್ದೆ ಹೋಯಿತು. ಅಮೆರಿಕದಲ್ಲೇ ಇದ್ದು ಎಫ್-1ರಿಂದ ಬದಲಾಯಿಸಿಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಅಕ್ಟೋಬರ್‌ನಲ್ಲಿ ಅಲ್ಲಿನ ವಲಸೆ ಇಲಾಖೆ ಹೇಳಿತು. ಇಂಥ ನಿಯಮ ಯಾವಾಗ ಬೇಕಾದರೂ ತಿರುಗಬಹುದು. ಹಾಗಾಗಿ ಸಾಲ ತೀರಿಸುವ ಲೆಕ್ಕವನ್ನು ಎರಡು ರೀತಿ ಹಾಕಿಕೊಳ್ಳಿ: ಅಲ್ಲಿ ಕೆಲಸ ಸಿಕ್ಕಿದರೆ ಒಂದು, ವಾಪಸ್ ಬಂದು ಬೆಂಗಳೂರಿನ ಸಂಬಳದಲ್ಲಿ ತೀರಿಸಬೇಕಾದರೆ ಒಂದು.

ಹೊರಡುವ ದಿನ

ಎಫ್-1 ವೀಸಾ ಬೇಗ ಸಿಕ್ಕಿದರೂ, ಐ-20ರಲ್ಲಿ ಬರೆದ ಕೋರ್ಸ್ ಶುರುವಿನ ದಿನಕ್ಕೆ 30 ದಿನಕ್ಕಿಂತ ಮೊದಲು ಆ ದೇಶಕ್ಕೆ ಕಾಲಿಡುವಂತಿಲ್ಲ. ಟಿಕೆಟ್ ಅದನ್ನು ನೋಡಿಕೊಂಡು ಮಾಡಿಸಿ. ಇಮಿಗ್ರೇಷನ್ ಅಧಿಕಾರಿ ಐ-20 ಕೇಳುವುದು ನಿಮ್ಮ ಲಗೇಜ್ ಕೈಗೆ ಬರುವ ಮೊದಲು. ಅಮ್ಮ ಎಷ್ಟೇ ಜೋಪಾನವಾಗಿ ಪ್ಯಾಕ್ ಮಾಡಿದರೂ, ಅದು ಚಟ್ನಿಪುಡಿ ಡಬ್ಬದ ಪಕ್ಕ ದೊಡ್ಡ ಸೂಟ್‌ಕೇಸ್‌ಗೆ ಹೋಗುವುದು ಬೇಡ. ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿರಲಿ.